ಲಡಾಖ್‌ನಲ್ಲಿ ಬಿಸ್ಕತ್ತು ತಿಂದದ್ದು ಯಾರು? ಮಾರ್ಮಟ್, ಪಿಕಾ ಮತ್ತು ಬೆಟ್ಟದ ನೀರಿನ ಲೆಕ್ಕ

ಮೇ ಕೊನೆಯ ವಾರ ಲಡಾಖ್‌ನಿಂದ ವಾಪಸಾದ ನಮ್ಮ ಪಕ್ಕದ ಮನೆಯವರು ಒಂದು ಪೊಟ್ಟಣ ಒಣ ಏಪ್ರಿಕಾಟ್ ಹಿಡಿದುಕೊಂಡು ಬಂದು, ಜಗಲಿಯಲ್ಲಿ ಕುಳಿತು ಫೋನಿನ ವಿಡಿಯೊಗಳನ್ನು ತೋರಿಸಿದರು. ಪಾಂಗಾಂಗ್ ಸರೋವರಕ್ಕೆ ಹೋಗುವ ದಾರಿ. ಟ್ಯಾಕ್ಸಿಗಳು ಸಾಲಾಗಿ ನಿಂತಿವೆ. ಹಳದಿ ಬೆರೆತ ಕಂದು ಬಣ್ಣದ, ಬೆಕ್ಕಿಗಿಂತ ದೊಡ್ಡ ಪ್ರಾಣಿಯೊಂದು ಹಿಂಗಾಲಿನ ಮೇಲೆ ನಿಂತು ಪ್ರವಾಸಿಗರ ಕೈಯಿಂದ ಬಿಸ್ಕತ್ತು ಇಸಿದುಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದೆ.

“ಮಾಮಿ, ಇದು ಎಂಥ? ಹೆಗ್ಗಣವಾ?” ಎಂದು ಆರನೇ ಕ್ಲಾಸಿನ ಅವರ ಮಗ ಕೇಳಿದ.

“ಹೆಗ್ಗಣ ಇಷ್ಟು ಚಂದ ಉಂಟಾ? ಮೊಲ ಇರಬೇಕು,” ಎಂದರು ಅವನ ಅಮ್ಮ.

ಇನ್ನೊಂದು ವಿಡಿಯೊದಲ್ಲಿ ಕಲ್ಲುಗಳ ಸಂದಿಯಿಂದ ಮುಷ್ಟಿಗಾತ್ರದ, ಬಾಲವೇ ಕಾಣದ ಪ್ರಾಣಿಯೊಂದು ತಲೆ ಹೊರಹಾಕಿ, ಅತ್ತಿತ್ತ ನೋಡಿ ಮಾಯವಾಯಿತು. ಅದು ಇಲಿ ಎಂಬುದರಲ್ಲಿ ಮನೆಯವರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ನಿಜಸಂಗತಿ ಇದರ ತಿರುಗುಮುರುಗು. ಬಿಸ್ಕತ್ತು ತಿಂದದ್ದು ಇಲಿ, ಅಳಿಲುಗಳ ಕಡೆಯದು. ಅದರ ಹೆಸರು ಮಾರ್ಮಟ್. ಕಲ್ಲಿನ ಸಂದಿಯಲ್ಲಿ ಇಣುಕಿದ್ದು ಮೊಲದ ಕಡೆಯದು, ಅದು ಪಿಕಾ. ಬೈಕಿನಲ್ಲಿ ಲಡಾಖ್ ಸುತ್ತಿದವರು, ಕೇದಾರ, ತುಂಗನಾಥದ ಯಾತ್ರೆ ಮಾಡಿದವರು ಈಗ ಉಡುಪಿ, ಮಂಗಳೂರಿನ ಬೀದಿಬೀದಿಯಲ್ಲಿ ಸಿಗುತ್ತಾರೆ. ಅವರ ಫೋನುಗಳಲ್ಲಿ ಹಿಮದ ಶಿಖರಗಳ ನಡುವೆ ಈ ಎರಡರಲ್ಲಿ ಒಂದಾದರೂ ಇರುತ್ತದೆ. ಜೀವಶಾಸ್ತ್ರ ಕಲಿಸುವ ನನ್ನ ಬಳಿಗೆ ಆ ವಿಡಿಯೊಗಳ ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಹುಡುಗನಿಗೆ ಅಂದು ಜಗಲಿಯಲ್ಲಿ ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮರಗಳು ನಿಲ್ಲುವ ಎತ್ತರ

‘ಆಲ್ಪೈನ್’ ಎಂಬ ಪದ ಯುರೋಪಿನ ಆಲ್ಪ್ಸ್ ಪರ್ವತದಿಂದ ಬಂದದ್ದು. ಈಗ ಅದನ್ನು ಲೋಕದ ಯಾವುದೇ ಎತ್ತರದ ಪರ್ವತದಲ್ಲಿ, ಮರ ಬೆಳೆಯುವ ಗಡಿಯಿಂದ ಮೇಲಿನ ಪ್ರದೇಶಕ್ಕೆ ಬಳಸುತ್ತಾರೆ. ಬೆಟ್ಟ ಏರುತ್ತ ಹೋದಂತೆ ಕಾಡು ತೆಳುವಾಗುತ್ತದೆ, ಮರ ಗಿಡ್ಡವಾಗುತ್ತದೆ, ಒಂದು ಹಂತದಲ್ಲಿ ಪೂರ್ತಿ ನಿಂತುಹೋಗುತ್ತದೆ. ಆ ಗೆರೆಗೆ ವೃಕ್ಷರೇಖೆ ಎಂದು ಹೆಸರು. ಪಶ್ಚಿಮ ಹಿಮಾಲಯದಲ್ಲಿ ಅದು ಸರಿಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲೆ ಹುಲ್ಲು, ಕುರುಚಲು, ನೆಲಕ್ಕಂಟಿ ಬೆಳೆಯುವ ಹೂಗಿಡ, ಕಲ್ಲು, ಕೊನೆಗೆ ಹಿಮ.

ನಮ್ಮ ಕುದುರೆಮುಖದ ನೆತ್ತಿಯಲ್ಲೂ ಬರೀ ಹುಲ್ಲೇ ಅಲ್ಲವೇ ಎಂದು ಚಾರಣ ಮಾಡಿದವರು ಕೇಳಬಹುದು. ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಅಲ್ಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಜೋಡಿಯ ಕಥೆ ಬೇರೆಯೇ. ಕಣಿವೆಯ ಮಡಿಲಲ್ಲಿ ಮರ ದಟ್ಟವಾಗಿಯೇ ಬೆಳೆಯುತ್ತದೆ. ಆದ್ದರಿಂದ ಅದು ಆಲ್ಪೈನ್ ಅಲ್ಲ, ಅಲ್ಲಿ ಪಿಕಾವೂ ಇಲ್ಲ.

ಎತ್ತರ ಏರಿದರೆ ಚಳಿ ಯಾಕೆ ಹೆಚ್ಚುತ್ತದೆ? ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ಮಂಗಳೂರಿನ 32 ಡಿಗ್ರಿಯ ಮಧ್ಯಾಹ್ನದಿಂದ ನೇರ 4,500 ಮೀಟರ್ ಏರಿದರೆ ಲೆಕ್ಕದ ಪ್ರಕಾರ 3 ಡಿಗ್ರಿ ಆಸುಪಾಸಿಗೆ ಬರುತ್ತೇವೆ. ನೆಲಕ್ಕೆ ಬಿಸಿಲು ಚೆನ್ನಾಗಿ ಬಿದ್ದಲ್ಲಿ ಈ ಲೆಕ್ಕ ಏರುಪೇರಾಗುತ್ತದೆ, ಆದರೆ ಅಂದಾಜಿಗೆ ಸಾಕು. ಸುಮಾರು 4,250 ಮೀಟರ್ ಎತ್ತರದ ಪಾಂಗಾಂಗ್ ದಡದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಲ್ಪೆಯ ದಡದಲ್ಲಿ ಸಿಗುವುದರ ಶೇಕಡ 60ರಷ್ಟು ಮಾತ್ರ. ಪ್ರವಾಸಿಗರಿಗೆ ಮೊದಲ ದಿನ ತಲೆ ಸಿಡಿಯುವುದು ಇದೇ ಕಾರಣಕ್ಕೆ.

ಅಂಥ ಜಾಗದಲ್ಲಿ ವರ್ಷಪೂರ್ತಿ ಬಾಳುವ ಪ್ರಾಣಿಗೆ ಮೂರು ಕಷ್ಟ: ಉಸಿರಿಗೆ ಗಾಳಿ ಕಡಿಮೆ, ಬೆಳೆ ಬರುವ ಕಾಲ ಮೂರು ನಾಲ್ಕು ತಿಂಗಳು, ಅಡಗಲು ಮರವಿಲ್ಲ. ಮೂರನೆಯದನ್ನು ನೆನಪಿಟ್ಟುಕೊಳ್ಳಿ. ಮರವಿಲ್ಲದ ಊರಿನಲ್ಲಿ ಮನೆ ಕಟ್ಟಲು ಇರುವುದು ಎರಡೇ ಜಾಗ: ಕಲ್ಲಿನ ಸಂದಿ ಮತ್ತು ನೆಲದೊಳಗಿನ ಬಿಲ. ಮುಂದಿನ ಕಥೆಯೆಲ್ಲ ಆ ಬಿಲದಿಂದಲೇ ಹೊರಡುತ್ತದೆ.

ಅಳಿಲಿನ ದಾಯಾದಿ, ಮೊಲದ ದಾಯಾದಿ

ಮಾರ್ಮಟ್ ಅಳಿಲಿನ ಕುಟುಂಬಕ್ಕೆ ಸೇರಿದ್ದು. ನಮ್ಮ ತೆಂಗಿನ ಮರದಲ್ಲಿ ಓಡುವ ಮೂರು ಗೆರೆಯ ಅಳಿಲು, ಘಟ್ಟದ ಕೆಂದಳಿಲು, ಲಡಾಖ್‌ನ ಮಾರ್ಮಟ್ ಮೂರೂ ದಾಯಾದಿಗಳು. ಒಂದು ಕೊಂಬೆ ಹಿಡಿಯಿತು, ಇನ್ನೊಂದು ನೆಲ ಹಿಡಿಯಿತು, ಅಷ್ಟೇ. ಹಿಮಾಲಯದ ಮಾರ್ಮಟ್ ಸುಮಾರು 4ರಿಂದ 9 ಕಿಲೋ ತೂಗುತ್ತದೆ, ಒಂದು ಮಧ್ಯಮ ಹಲಸಿನಕಾಯಿಯಷ್ಟು.

ಪಿಕಾ ಮೊಲದ ವರ್ಗದ್ದು. ಕಿವಿ ಗುಂಡಗೆ, ಗಿಡ್ಡ. ಬಾಲ ಹೊರಗೆ ಕಾಣುವುದಿಲ್ಲ. ಬಹುಪಾಲು ಪಿಕಾಗಳ ತೂಕ 100ರಿಂದ 200 ಗ್ರಾಂ ಆಸುಪಾಸು. ಬುಟ್ಟಿಯಲ್ಲಿಟ್ಟ ಒಂದು ಮಟ್ಟುಗುಳ್ಳಕ್ಕೆ ಕೂದಲು ಬಂದರೆ ಹೇಗಿದ್ದೀತೋ ಹಾಗೆ. ನೋಡಲು ಇಲಿಯಂತಿದ್ದರೂ ಅದನ್ನು ಮೊಲದ ಜೊತೆ ಸೇರಿಸುವುದಕ್ಕೆ ಹಲ್ಲು ಸಾಕ್ಷಿ. ಇಲಿಗೆ ಮೇಲ್ದವಡೆಯಲ್ಲಿ ಒಂದೇ ಜೋಡಿ ಬಾಚಿಹಲ್ಲು. ಮೊಲಕ್ಕೂ ಪಿಕಾಕ್ಕೂ ಆ ಜೋಡಿಯ ಹಿಂದೆ ಇನ್ನೊಂದು ಪುಟ್ಟ ಜೋಡಿ ಇರುತ್ತದೆ.

ಲೋಕದಲ್ಲಿ ಸುಮಾರು 30 ಬಗೆಯ ಪಿಕಾಗಳಿವೆ. ಬಹುಪಾಲು ಏಷ್ಯಾದವು, ಉತ್ತರ ಅಮೆರಿಕದಲ್ಲಿ ಇರುವುದು ಎರಡೇ. ಅವನ್ನು ಬದುಕಿನ ರೀತಿ ನೋಡಿ ಎರಡು ಗುಂಪು ಮಾಡುತ್ತಾರೆ. ಬಂಡೆಗಳ ರಾಶಿಯಲ್ಲಿ ಇರುವವು ಸಂಕೋಚದ ಜೀವಿಗಳು, ಒಂದೊಂದಕ್ಕೂ ತನ್ನದೇ ಜಾಗ, ಮರಿಗಳೂ ಕಡಿಮೆ. ಹುಲ್ಲುಗಾವಲಿನಲ್ಲಿ ಬಿಲ ತೋಡುವವು ದೊಡ್ಡ ಸಂಸಾರಸ್ಥರು, ಒಂದೇ ಬೇಸಗೆಯಲ್ಲಿ ಹಲವು ಸೂಲು ಮರಿ ಹಾಕುತ್ತವೆ. ತುಂಗನಾಥದ ಮೆಟ್ಟಿಲ ದಾರಿಯಲ್ಲಿ ಯಾತ್ರಿಕರ ಕಣ್ಣಿಗೆ ಬೀಳುವ ರಾಯ್ಲ್ಸ್ ಪಿಕಾ ಮೊದಲ ಗುಂಪಿನದು. ಟಿಬೆಟ್ ಪ್ರಸ್ಥಭೂಮಿಯ ಪಿಕಾ ಎರಡನೆಯದು.

ಇವುಗಳ ಬಗ್ಗೆ ನಮಗೆ ತಿಳಿದಿರುವುದು ಇನ್ನೂ ಎಷ್ಟು ಹೊಸದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಸಿಕ್ಕಿಂನಲ್ಲಿರುವ ಒಂದು ಪಿಕಾವನ್ನು ಬಹುಕಾಲ ಚೀನಾದ ಇನ್ನೊಂದು ಪಿಕಾದ ಉಪಜಾತಿ ಎಂದೇ ಎಣಿಸಿದ್ದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನಿಶ್ಮಾ ದಹಾಲ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಅದರ ಹಿಕ್ಕೆ ಹೆಕ್ಕಿ ತಂದು ಡಿಎನ್‌ಎ ಪರೀಕ್ಷಿಸಿದರು. ಅದು ಬೇರೆಯದೇ ಪ್ರಭೇದ ಎಂಬುದು 2016ರಲ್ಲಿ ಹೊರಜಗತ್ತಿಗೆ ತಿಳಿಯಿತು. ಪ್ರಾಣಿಯನ್ನು ಹಿಡಿಯದೆ, ಕೊಲ್ಲದೆ, ಕಾಳುಮೆಣಸಿನ ಗಾತ್ರದ ಹಿಕ್ಕೆಯಿಂದ ಅದರ ವಂಶಾವಳಿ ಓದಿದ ಈ ಕೆಲಸವನ್ನು ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಚಳಿಗಾಲ ದಾಟುವುದು ಹೇಗೆ: ನಿದ್ದೆ, ಉಪ್ಪುಸೊಳೆ, ಸಗಣಿ

ಮಾರ್ಮಟ್ ಆಯ್ದುಕೊಂಡದ್ದು ನಿದ್ದೆ. ಬೇಸಗೆಯಲ್ಲಿ ಹುಲ್ಲು, ಬೇರು, ಹೂವು ತಿಂದು ಕೊಬ್ಬು ತುಂಬಿಕೊಳ್ಳುತ್ತದೆ. ಶರತ್ಕಾಲದಲ್ಲಿ ಇಡೀ ಬಳಗ ಆಳದ ಬಿಲದೊಳಗೆ ಹೋಗಿ, ಬಿಲದ ಬಾಯಿಗೆ ಮಣ್ಣು ಕಲ್ಲು ತುಂಬಿ, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತದೆ. ಇದು ನಮ್ಮ ನಿದ್ದೆಯಂಥದ್ದಲ್ಲ. ಮೈಯ ಬಿಸಿ ಬಿಲದ ಬಿಸಿಯ ಹತ್ತಿರಕ್ಕೆ ಇಳಿಯುತ್ತದೆ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಡಿಯುವ ಹೃದಯ ಕೆಲವೇ ಬಡಿತಕ್ಕೆ ಬರುತ್ತದೆ. ಗ್ಯಾಸ್ ಒಲೆಯ ಉರಿಯನ್ನು ಇನ್ನೇನು ಆರಬೇಕು ಅನ್ನುವಷ್ಟು ಸಣ್ಣ ಮಾಡಿ ಇಟ್ಟ ಹಾಗೆ. ಎರಡು ಮೂರು ವಾರಕ್ಕೊಮ್ಮೆ ಮೈ ಬಿಸಿಯಾಗಿ ಎಚ್ಚರವಾಗುತ್ತದೆ, ಮತ್ತೆ ತಣಿಯುತ್ತದೆ. ಹೀಗೆ ಅರ್ಧ ವರ್ಷ ಅಥವಾ ಅದಕ್ಕೂ ಹೆಚ್ಚು.

ಪಿಕಾ ಮಲಗುವುದಿಲ್ಲ. ಅಂಗೈಯಗಲದ ಆ ಜೀವ ಇಡೀ ಚಳಿಗಾಲ ಎಚ್ಚರವಾಗಿಯೇ ಇರುತ್ತದೆ. ಅಮೆರಿಕದ ರಾಕಿ ಪರ್ವತದ ಪಿಕಾ ಇದಕ್ಕಾಗಿ ಬೇಸಗೆಯುದ್ದಕ್ಕೂ ಹುಲ್ಲು, ಎಲೆ, ಹೂವನ್ನು ಬಾಯಿತುಂಬ ಕಚ್ಚಿಕೊಂಡು ಬಂದು ಬಂಡೆಯ ಕೆಳಗೆ ರಾಶಿ ಹಾಕುತ್ತದೆ. ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಅಂಗಳದ ಬದಿಗೆ ಒಟ್ಟುವ ಹುಲ್ಲುಕುತ್ರಿಯದ್ದೇ ಸಣ್ಣ ರೂಪ. ಆ ರಾಶಿಯ ತೂಕ ಪಿಕಾದ ತೂಕದ ಹತ್ತಾರು ಪಟ್ಟು.

ಅದರ ಸೂಕ್ಷ್ಮ ಇಲ್ಲಿದೆ. ಪಿಕಾ ತಕ್ಷಣ ತಿನ್ನಲು ಆರಿಸುವ ಗಿಡಗಳು ಬೇರೆ, ಕೂಡಿಡಲು ಆರಿಸುವ ಗಿಡಗಳು ಬೇರೆ. ಕೂಡಿಡುವುದರಲ್ಲಿ ಫೀನಾಲ್ ಎಂಬ ಕಹಿ ರಾಸಾಯನಿಕ ಹೆಚ್ಚಿರುವ ಗಿಡಗಳು ತುಂಬ ಇರುತ್ತವೆ. ಹಸಿಯಾಗಿದ್ದಾಗ ಅವನ್ನು ತಿಂದರೆ ಹೊಟ್ಟೆಗೆ ಆಗದು. ಆದರೆ ಅದೇ ಕಹಿ ಬೂಷ್ಟು ಹಿಡಿಯದಂತೆ ತಡೆಯುತ್ತದೆ, ರಾಶಿ ಕೊಳೆಯುವುದಿಲ್ಲ. ತಿಂಗಳು ಕಳೆದಂತೆ ಕಹಿ ಇಳಿಯುತ್ತದೆ; ಹೊರಗೆ ಹಿಮ ಬಿದ್ದು ಬೇರೇನೂ ಸಿಗದ ಹೊತ್ತಿಗೆ ಗಿಡ ತಿನ್ನಲು ಹದವಾಗಿರುತ್ತದೆ. ಇದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬೇಸಗೆಯಲ್ಲಿ ಹಲಸಿನ ಸೊಳೆಯನ್ನು ಬಾಯಿಗಿಡಲಾಗದಷ್ಟು ಉಪ್ಪಿನಲ್ಲಿ ಭರಣಿಗೆ ತುಂಬಿ, ಆಟಿಯ ಮಳೆಯಲ್ಲಿ ತೆಗೆದು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡುತ್ತೇವಲ್ಲ, ಉಪ್ಪುಸೊಳೆ? ಕೆಡದಂತೆ ಕಾಯುವ ವಸ್ತುವೇ ತಿನ್ನದಂತೆ ತಡೆಯುವುದು, ಸಮಯ ಬಂದಾಗ ಅದನ್ನು ಕಳೆಯುವುದು. ನಾವು ನೀರಿನಿಂದ ಕಳೆಯುತ್ತೇವೆ, ಪಿಕಾ ಕಾಲದಿಂದ.

ಟಿಬೆಟ್ ಪ್ರಸ್ಥಭೂಮಿಯ ಪಿಕಾದ ಉಪಾಯ ಮತ್ತೂ ಬೇರೆ. ಅಲ್ಲಿನ ಚಳಿಗಾಲದಲ್ಲಿ ಸೊನ್ನೆಗಿಂತ ಬಹಳ ಕೆಳಗಿನ ಚಳಿ, ತಿನ್ನಲು ಒಣಗಿದ ಹುಲ್ಲಿನ ಬುಡ. ಅದು ತನ್ನ ಮೈಯ ಶಕ್ತಿಯ ಖರ್ಚನ್ನು ಸುಮಾರು ಶೇಕಡ 30ರಷ್ಟು ಇಳಿಸುತ್ತದೆ, ಜೊತೆಗೆ ಯಾಕ್ ಹಸುವಿನ ಸಗಣಿ ತಿನ್ನುತ್ತದೆ. ಇದು 2021ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದದ್ದು. ಕೇಳಿ ಮುಖ ಹಿಂಡುವ ಅಗತ್ಯವಿಲ್ಲ. ದನ ಒಮ್ಮೆ ನುಂಗಿದ ಹುಲ್ಲನ್ನು ಬಾಯಿಗೆ ತಂದು ಮೆಲುಕು ಹಾಕಿ ಎರಡನೇ ಸಲ ಅರಗಿಸುತ್ತದೆ. ಮೊಲ, ಪಿಕಾಗಳಿಗೆ ಮೆಲುಕಿಲ್ಲ. ಅವು ತಮ್ಮದೇ ಮೆತ್ತನೆಯ ಹಿಕ್ಕೆಯನ್ನು ತಿಂದು ಅದೇ ಕೆಲಸ ಮುಗಿಸುತ್ತವೆ. ಯಾಕ್ ಅರ್ಧ ಅರಗಿಸಿ ಬಿಟ್ಟ ಹುಲ್ಲು ಪಿಕಾಕ್ಕೆ ತಯಾರಾಗಿ ಸಿಕ್ಕ ಊಟ.

ಬಿಲವೇ ಇಂಗುಗುಂಡಿ

ಪುತ್ತೂರು, ಬೆಳ್ತಂಗಡಿ, ಕಾರ್ಕಳದ ಅಡಿಕೆ ತೋಟದವರಿಗೆ ಇಂಗುಗುಂಡಿ ಗೊತ್ತು. ಗುಡ್ಡದ ಇಳಿಜಾರಿನಲ್ಲಿ ಅಲ್ಲಲ್ಲಿ ಗುಂಡಿ ತೋಡಿದರೆ ಮಳೆನೀರು ಓಡಿಹೋಗದೆ ನಿಂತು, ನೆಲಕ್ಕಿಳಿದು, ಕೆಳಗಿನ ಬಾವಿಗೆ ಮಾರ್ಚ್‌ನಲ್ಲಿ ಒದಗುತ್ತದೆ. ಗಟ್ಟಿ ನೆಲದ ಮೇಲೆ ಬಿದ್ದ ನೀರು ಮಣ್ಣನ್ನೂ ಎಳೆದುಕೊಂಡು ಹೊಳೆಗೆ ಹೋಗುತ್ತದೆ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಈ ಗುಂಡಿ ತೋಡುವವರು ಪಿಕಾಗಳು. ಅಲ್ಲಿನ ಹುಲ್ಲುಗಾವಲಿನ ಮೇಲ್ಪದರ ಹುಲ್ಲಿನ ಬೇರುಗಳು ಹೆಣೆದುಕೊಂಡ ದಪ್ಪ ಚಾಪೆಯಂತೆ. ಮಳೆ ಬರುವುದು ಬೇಸಗೆಯ ಕೆಲವು ತಿಂಗಳಲ್ಲಿ, ಒಟ್ಟೊಟ್ಟಿಗೆ. ಪಿಕಾ ಬಿಲಗಳಿರುವ ನೆಲದಲ್ಲಿ ಆ ನೀರು ತೂತುಗಳ ಮೂಲಕ ಒಳಗಿಳಿಯುತ್ತದೆ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಆಂಡ್ರ್ಯೂ ಸ್ಮಿತ್ ಮತ್ತು ಸಹೋದ್ಯೋಗಿ ಇದನ್ನು ಅಳೆದು ನೋಡಿದರು. ಪಿಕಾ ಇರುವ ಜಾಗದಲ್ಲಿ ನೀರು ಇಂಗುವ ವೇಗ, ವಿಷ ಹಾಕಿ ಪಿಕಾಗಳನ್ನು ಕೊಂದ ಜಾಗಕ್ಕಿಂತ ಹೆಚ್ಚಿತ್ತು ಎಂದು ಅವರ 2015ರ ಪ್ರಬಂಧ ಹೇಳುತ್ತದೆ. ಬ್ರಹ್ಮಪುತ್ರ, ಸಿಂಧೂ, ಮೆಕಾಂಗ್, ಯಾಂಗ್‌ಟ್ಸೆ, ಹಳದಿ ನದಿಗಳು ಹುಟ್ಟುವುದು ಇದೇ ಪ್ರಸ್ಥಭೂಮಿಯಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳಿಗೆ ಕುದುರೆಮುಖದ ಹುಲ್ಲು ಮತ್ತು ಶೋಲಾ ಸ್ಪಂಜಿನಂತೆ ನೀರು ಹಿಡಿದುಕೊಡುತ್ತವೆ ಎಂದು ನಮ್ಮ ಮಕ್ಕಳು ಓದುತ್ತಾರೆ. ಅಲ್ಲಿ ಆ ಸ್ಪಂಜಿಗೆ ತೂತು ಕೊರೆಯುವ ಕೆಲಸ ಒಂದು ಪುಟ್ಟ ಪ್ರಾಣಿಯ ಪಾಲಿಗೆ ಬಂದಿದೆ.

ಬಿಲ ತೋಡಿದಾಗ ಆಳದ ಮಣ್ಣು ಮೇಲೆ ಬರುತ್ತದೆ. ಹಿಕ್ಕೆ, ಮೂತ್ರ, ಒಳಗೆ ಎಳೆದು ಬಿಟ್ಟ ಹುಲ್ಲು ಎಲ್ಲ ಸೇರಿ ಅದು ಗೊಬ್ಬರದ ಮಣ್ಣಾಗುತ್ತದೆ. ಚಳಿ ನಾಡಿನಲ್ಲಿ ಎಲೆ ಕೊಳೆಯುವುದು ಬಹಳ ನಿಧಾನ, ಹಾಗಾಗಿ ಈ ಗೊಬ್ಬರಕ್ಕೆ ಬೆಲೆ ಹೆಚ್ಚು. ಹುಲ್ಲಿನ ಚಾಪೆಯಲ್ಲಿ ಬೇರೂರಲು ಆಗದ ಬೀಜಗಳಿಗೂ ಈ ಸಡಿಲ ಮಣ್ಣಿನಲ್ಲಿ ಜಾಗ ಸಿಗುತ್ತದೆ. ಮಾರ್ಮಟ್ ಬಿಲದ ಬಾಯಲ್ಲಿ ಗುಡ್ಡೆಯಾದ ಮಣ್ಣಿನ ಮೇಲೆ ಸುತ್ತಲಿಗಿಂತ ಬೇರೆ ಗಿಡಗಳು ಹಸಿರಾಗಿ ನಿಂತಿರುವುದು ದೂರದಿಂದಲೇ ಕಾಣುತ್ತದೆ.

ಈ ಮಣ್ಣಿನ ಗುಡ್ಡೆಗೆ ಒಂದು ಹಳೆಯ ಕಥೆಯೂ ಅಂಟಿಕೊಂಡಿದೆ. ಮಹಾಭಾರತದ ಸಭಾಪರ್ವದಲ್ಲಿ, ಧರ್ಮರಾಯನ ರಾಜಸೂಯಕ್ಕೆ ಬಂದ ಕಾಣಿಕೆಗಳಲ್ಲಿ ‘ಪಿಪೀಲಿಕ’ ಚಿನ್ನದ ಹೆಸರಿದೆ. ಅಂದರೆ ಇರುವೆಗಳು ತೋಡಿದ ಚಿನ್ನ, ಪರ್ವತದ ಜನ ತಂದದ್ದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಭಾರತದ ಕಡೆ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮರಳು ಹೊರಹಾಕುತ್ತವೆ ಎಂದು ಬರೆದಿದ್ದ. ಈ ಇರುವೆ ಮಾರ್ಮಟ್ ಇದ್ದೀತು ಎಂದು ಫ್ರೆಂಚ್ ಅನ್ವೇಷಕ ಮಿಶೆಲ್ ಪೆಸೆಲ್ 1990ರ ದಶಕದಲ್ಲಿ ವಾದಿಸಿದರು. ಸಿಂಧೂ ಕಣಿವೆಯ ಮೇಲ್ಭಾಗದಲ್ಲಿ ಮಾರ್ಮಟ್ ಬಿಲಗಳ ಮಣ್ಣಿನಿಂದ ಚಿನ್ನದ ಪುಡಿ ಸೋಸುವ ಪದ್ಧತಿ ಹಿಂದೆ ಇತ್ತೆಂದು ಅಲ್ಲಿನವರು ಅವರಿಗೆ ಹೇಳಿದ್ದರು. ಅದು ವಾದವೇ ಹೊರತು ತೀರ್ಪಲ್ಲ. ಆದರೂ ತಾಳಮದ್ದಳೆಯ ಊರಿನವಳಾದ ನನಗೆ, ರಾಜಸೂಯದ ಆಸ್ಥಾನದಲ್ಲಿ ಮಾರ್ಮಟ್ಟಿನ ಮಣ್ಣು ಮಿನುಗಿದ್ದೀತು ಎಂಬ ಯೋಚನೆಯೇ ಬಹಳ ಇಷ್ಟ.

ಕಮಾನಿನ ನಡುಗಲ್ಲು

ಮಂಗಳೂರಿನ ಹಳೆಯ ಇಗರ್ಜಿಗಳ ಕಮಾನು ನೋಡಿ. ಎರಡು ಕಡೆಯಿಂದ ಬಾಗಿ ಬಂದ ಕಲ್ಲುಗಳು ಮೇಲೆ ಕೂಡುವಲ್ಲಿ ಬೆಣೆಯಂಥ ಒಂದು ನಡುಗಲ್ಲು ಇರುತ್ತದೆ. ಅದು ದೊಡ್ಡದೇನಲ್ಲ, ತೆಗೆದರೆ ಮಾತ್ರ ಕಮಾನು ನಿಲ್ಲುವುದಿಲ್ಲ. ಯಾವುದೋ ಒಂದು ಜೀವಿ ತನ್ನ ಗಾತ್ರಕ್ಕೆ ಮೀರಿ ಸುತ್ತಲಿನ ಬದುಕನ್ನು ಹಿಡಿದಿಟ್ಟಿದ್ದರೆ ಅದನ್ನು ಜೀವಶಾಸ್ತ್ರದಲ್ಲಿ ‘ಕೀಸ್ಟೋನ್’, ಅಂದರೆ ನಡುಗಲ್ಲು ಪ್ರಭೇದ ಎನ್ನುತ್ತಾರೆ. 

ಈ ಕಲ್ಪನೆ ಹುಟ್ಟಿದ್ದು ಕಡಲ ದಡದಲ್ಲಿ. ಅಮೆರಿಕದ ರಾಬರ್ಟ್ ಪೇಯ್ನ್ 1960ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಕಲ್ಲುದಡದ ಒಂದು ತುಂಡಿನಿಂದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ದೂರ ಎಸೆಯುತ್ತ ಬಂದರು. ನಮ್ಮ ಪಚ್ಚಿಲೆಯಂಥ ಚಿಪ್ಪುಜೀವಿಗಳನ್ನು ತಿನ್ನುವವರು ಇಲ್ಲವಾದಾಗ ಅವೇ ಕಲ್ಲು ಪೂರ್ತಿ ಆವರಿಸಿದವು. 15 ಬಗೆಯ ಜೀವಿಗಳಿದ್ದಲ್ಲಿ ಉಳಿದದ್ದು 8. ಈ ಬಗೆಯ ಪ್ರಭೇದಕ್ಕೆ ಅವರು ಆ ಹೆಸರಿಟ್ಟದ್ದು 1969ರಲ್ಲಿ.

ಟಿಬೆಟ್‌ನ ಪಿಕಾ ಅಂಥ ನಡುಗಲ್ಲು ಎಂದು ಆಂಡ್ರ್ಯೂ ಸ್ಮಿತ್ ಮತ್ತು ಮಾರ್ಕ್ ಫಾಗಿನ್ 1999ರಲ್ಲಿ ವಾದಿಸಿದರು. ಮೊದಲನೆಯದಾಗಿ ಊಟದ ಲೆಕ್ಕ. ಟಿಬೆಟ್ ನರಿ, ಪಲ್ಲಾಸ್ ಬೆಕ್ಕು, ಮುಂಗುಸಿಯನ್ನು ಹೋಲುವ ವೀಸೆಲ್, ಸೇಕರ್ ಡೇಗೆ, ದೊಡ್ಡ ಬಜಾರ್ಡ್ ಹದ್ದು, ಕೊನೆಗೆ ಕಂದು ಕರಡಿಯೂ ಪಿಕಾ ತಿನ್ನುತ್ತದೆ. ಮಾರ್ಮಟ್‌ಗಳು ಮಲಗಿರುವ ಚಳಿಗಾಲದಲ್ಲಿ ಪಿಕಾ ಎಚ್ಚರವಾಗಿರುತ್ತದೆ ಎಂಬುದು ಈ ಬೇಟೆಗಾರರಿಗೆ ಬದುಕು ಸಾವಿನ ವಿಷಯ. ಹಿಮಚಿರತೆಯ ಮುಖ್ಯ ಊಟ ಭರಲ್ ಎಂಬ ಕಾಡುಕುರಿಯಾದರೂ ಬೇಸಗೆಯಲ್ಲಿ ಅದು ಮಾರ್ಮಟ್ ಹಿಡಿಯುತ್ತದೆ.

ಎರಡನೆಯದು ಮನೆಯ ಲೆಕ್ಕ. ಮರವಿಲ್ಲದಲ್ಲಿ ಹಕ್ಕಿ ಗೂಡು ಕಟ್ಟುವುದೆಲ್ಲಿ? ಹಿಮಗುಬ್ಬಿಗಳೂ ನೆಲದಲ್ಲಿ ಕುಪ್ಪಳಿಸುವ ಒಂದು ಬಗೆಯ ಚೇಕಡಿ ಹಕ್ಕಿಯೂ ಪಿಕಾ ಬಿಲದೊಳಗೆ ಮೊಟ್ಟೆಯಿಡುತ್ತವೆ. ಹಲ್ಲಿಗಳೂ ಅಲ್ಲಿಯೇ. ನಮ್ಮಲ್ಲಿ ಮರಕುಟಿಗ ಕೊರೆದ ಪೊಟರೆಗೆ ಗಿಳಿ, ಮೈನಾ ಒಕ್ಕಲು ಬರುತ್ತವಲ್ಲ, ಅದೇ ವ್ಯವಸ್ಥೆ ನೆಲದಡಿಯಲ್ಲಿ.

ಈ ಪಿಕಾಕ್ಕೆ ಚೀನಾದಲ್ಲಿ 1958ರಿಂದ ವಿಷ ಹಾಕತೊಡಗಿದರು. ಯಾಕ್, ಕುರಿಗಳ ಹುಲ್ಲನ್ನು ಇದು ತಿನ್ನುತ್ತದೆ, ನೆಲ ಬೋಳು ಮಾಡುತ್ತದೆ ಎಂಬುದು ದೂರು. ಮೊದಲು ಝಿಂಕ್ ಫಾಸ್ಫೈಡ್, ಅಂದರೆ ನಮ್ಮಲ್ಲಿ ಇಲಿಪಾಷಾಣವಾಗಿ ಬಳಸುವ ಅದೇ ವಿಷ. ಮುಂದೆ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ. ಪಿಕಾ ತೀರಿದಲ್ಲಿ ಬಿಲಗಳು ಕ್ರಮೇಣ ಕುಸಿದವು, ಹಿಮಗುಬ್ಬಿಗಳು ಕಡಿಮೆಯಾದವು, ನರಿ, ಹದ್ದುಗಳು ಇಲ್ಲವಾದವು. ಅಷ್ಟಾದರೂ ಪಿಕಾ ಬೇಗ ಮರಿ ಹಾಕುವುದರಿಂದ ಕೆಲವೇ ವರ್ಷದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಅದನ್ನು ತಿನ್ನುವವು ಅಷ್ಟು ಬೇಗ ಮರಳುವುದಿಲ್ಲ.

ದೂರಿನಲ್ಲಿ ಹುರುಳಿಲ್ಲವೇ? ಪಿಕಾ ಅತಿಯಾದ ಕಡೆ ಹುಲ್ಲಿಗೆ ಪೈಪೋಟಿ ಇರುವುದು ನಿಜ. ಆದರೆ ಈ ಪಿಕಾ ಇಷ್ಟಪಡುವುದು ಗಿಡ್ಡ ಹುಲ್ಲಿನ ಬಯಲನ್ನು, ಯಾಕೆಂದರೆ ಅಲ್ಲಿ ಶತ್ರು ದೂರದಿಂದ ಕಾಣುತ್ತದೆ. ಸಾಕುಪ್ರಾಣಿಗಳು ಮೊದಲೇ ಮೇಯ್ದು ಬೋಳಾಗಿಸಿದ ನೆಲಕ್ಕೆ ಅದು ಬಂದು ಸೇರುತ್ತದೆ. ನೋಡಿದವರಿಗೆ ಬೋಳು ನೆಲ ಮತ್ತು ಪಿಕಾ ಒಟ್ಟಿಗೇ ಕಾಣುತ್ತವೆ. ಕಪ್ಪೆ ವಟಗುಟ್ಟಿದ್ದರಿಂದ ಮಳೆ ಬಂತು ಎಂದ ಹಾಗೆ, ಹಿಂದುಮುಂದು ಅದಲುಬದಲಾಗುವುದು ಇಲ್ಲಿಯೇ.

ಸೆಕೆ ಬಂದರೆ ಹೋಗುವುದೆಲ್ಲಿಗೆ?

ಪಿಕಾದ ಮೈಯ ಬಿಸಿ ಸುಮಾರು 40 ಡಿಗ್ರಿ, ಮೈತುಂಬ ದಟ್ಟ ಕೂದಲು. ಚಳಿಗೆ ಹೇಳಿ ಮಾಡಿಸಿದ ಈ ದೇಹ ಸೆಕೆಗೆ ಬಹಳ ದುರ್ಬಲ. ಅಮೆರಿಕದ ಪಿಕಾವನ್ನು ನೆರಳಿಗೆ ಹೋಗಲು ಬಿಡದೆ 25 ಡಿಗ್ರಿ ದಾಟಿದ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಸಾಯಬಹುದು ಎಂಬುದು 1970ರ ದಶಕದಲ್ಲೇ ತಿಳಿದಿತ್ತು. ಮಂಗಳೂರಿನಲ್ಲಿ ನಾವು ‘ಇವತ್ತು ತಂಪು’ ಎನ್ನುವ ಜನವರಿಯ ಮಧ್ಯಾಹ್ನವೂ ಅದಕ್ಕೆ ಮಾರಕ. ಬಂಡೆಯ ಸಂದಿಯೇ ಅದರ ರಕ್ಷಣೆ. ನಡುಮಧ್ಯಾಹ್ನ ಸುಡುವ ಅಂಗಳ ದಾಟಿ ಕಲ್ಲಿನ ದೇವಸ್ಥಾನದ ಒಳಗೆ ಕಾಲಿಟ್ಟಾಗ ಆಗುವ ತಂಪು ಕಲ್ಲುರಾಶಿಯ ಆಳದಲ್ಲಿ ಸದಾ ಇರುತ್ತದೆ.

ಬಯಲಿನ ಪ್ರಾಣಿ ಸೆಕೆಯಾದರೆ ಬೆಟ್ಟ ಹತ್ತಬಹುದು. ತುದಿಯಲ್ಲಿರುವುದಕ್ಕೆ ಮೇಲೆ ಇರುವುದು ಆಕಾಶ. ಪಕ್ಕದ ಶಿಖರಕ್ಕೆ ಹೋಗಬೇಕೆಂದರೆ ಬಿಸಿ ಕಣಿವೆ ಇಳಿದು ದಾಟಬೇಕು, ಅದು ಪಿಕಾಕ್ಕೆ ಸಾಧ್ಯವಿಲ್ಲ. ಒಂದೊಂದು ಶಿಖರವೂ ಒಂದೊಂದು ದ್ವೀಪ. ಅಮೆರಿಕದ ಗ್ರೇಟ್ ಬೇಸಿನ್ ಪ್ರದೇಶದಲ್ಲಿ ಹಿಂದೆ ಪಿಕಾ ದಾಖಲಾಗಿದ್ದ 25 ತಾಣಗಳನ್ನು ಮರಳಿ ಹುಡುಕಿದಾಗ 10ರಲ್ಲಿ ಅವು ಇರಲಿಲ್ಲ. ಆ ಹತ್ತರಲ್ಲಿ ನಾಲ್ಕು ಕಡೆ ಅಳಿದದ್ದು 1999ರ ನಂತರ.

ಹಿಮ ಕಡಿಮೆಯಾದರೂ ತೊಂದರೆ. ದಪ್ಪ ಹಿಮ ನೆಲದ ಮೇಲೆ ಕಂಬಳಿಯಂತೆ. ಮೇಲೆ ಎಷ್ಟೇ ಕೊರೆಯಲಿ, ಹಿಮದ ಅಡಿಯಲ್ಲಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಪಿಕಾ ಮಾತ್ರವಲ್ಲ, ವೋಲ್ ಎಂಬ ಗಿಡ್ಡ ಬಾಲದ ಬೆಟ್ಟದಿಲಿಗಳೂ ಮೂಗಿಲಿಗಳೂ ಆ ತೆಳು ಸಂದಿನಲ್ಲಿ ಸುರಂಗ ಮಾಡಿಕೊಂಡು ಚಳಿಗಾಲ ಕಳೆಯುತ್ತವೆ. ಹಿಮ ಬೇಗ ಕರಗಿದರೆ ಕಂಬಳಿ ಸರಿಯಿತೆಂದೇ ಲೆಕ್ಕ. ಹೀಗೆ ಬೇಸಗೆಯ ಬಿಸಿಯೂ ಚಳಿಗಾಲದ ಚಳಿಯೂ ಒಂದೇ ಪ್ರಾಣಿಯನ್ನು ಎರಡು ಕಡೆಯಿಂದ ಒತ್ತುತ್ತವೆ.

ರೋಗದ ಮಾತು

ಸಣ್ಣ ಪ್ರಾಣಿಯೂ ರೋಗವೂ ಹತ್ತಿರ ಎಂಬುದು ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಬರುವ ಇಲಿಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ ಹರಡುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಸರಪಳಿಯಲ್ಲಿ ಉಣ್ಣಿಯ ಜೊತೆ ಕಾಡಿಲಿ, ಮೂಗಿಲಿಗಳೂ ಇವೆ.

ಮಾರ್ಮಟ್‌ನ ಚಿಗಟದಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಇರಬಹುದು. 1910–11ರಲ್ಲಿ ಮಂಚೂರಿಯಾದಲ್ಲಿ ಸುಮಾರು 60,000 ಜನರನ್ನು ಬಲಿ ಪಡೆದ ಶ್ವಾಸಕೋಶದ ಪ್ಲೇಗ್, ತುಪ್ಪಳಕ್ಕಾಗಿ ಮಾರ್ಮಟ್ ಬೇಟೆಯಾಡುವವರಿಂದ ಶುರುವಾಯಿತೆಂದು ತಿಳಿಯಲಾಗಿದೆ. ಡಾ. ವು ಲಿಯೆನ್‌ತೆ ಹತ್ತಿಬಟ್ಟೆಯ ಮಾಸ್ಕ್ ಕಡ್ಡಾಯ ಮಾಡಿ ಅದನ್ನು ಹತೋಟಿಗೆ ತಂದರು. 2019ರಲ್ಲಿ ಮಂಗೋಲಿಯಾದಲ್ಲಿ ಮಾರ್ಮಟ್‌ನ ಹಸಿ ಮಾಂಸ ತಿಂದ ದಂಪತಿ ಪ್ಲೇಗಿನಿಂದ ಸತ್ತರು. ಈಗ ಪ್ಲೇಗಿಗೆ ಆಂಟಿಬಯಾಟಿಕ್ ಇದೆ; ದೂರದಲ್ಲಿ ನಿಂತು ನೋಡಿದ ಪ್ರವಾಸಿಗರು ಹೆದರಬೇಕಿಲ್ಲ. ಮುಟ್ಟುವುದು, ಮಡಿಲಲ್ಲಿ ಕೂರಿಸಿಕೊಳ್ಳುವುದು, ಸತ್ತು ಬಿದ್ದದ್ದನ್ನು ಎತ್ತುವುದು ಬೇರೆ ಮಾತು.

ಆ ಬಿಸ್ಕತ್ತು

ಹುಡುಗನ ಕೊನೆಯ ಪ್ರಶ್ನೆ ಇದೇ ಆಗಿತ್ತು: “ಬಿಸ್ಕತ್ತು ಕೊಟ್ಟದ್ದು ತಪ್ಪಾ ಮಾಮಿ? ಅದಕ್ಕೆ ಹಸಿವಾಗಿತ್ತು.”

ಮಾರ್ಮಟ್‌ನ ಹೊಟ್ಟೆ ಹುಲ್ಲು, ಸೊಪ್ಪಿನದು. ಸಕ್ಕರೆ, ಮೈದಾ, ಎಣ್ಣೆಗೆ ಅದು ತಯಾರಾಗಿಲ್ಲ. ನಾಲ್ಕೈದು ತಿಂಗಳ ಬೇಸಗೆಯಲ್ಲಿ ಕೂಡಿಸಿದ ಕೊಬ್ಬಿನಲ್ಲೇ ಅದು ಉಳಿದ ವರ್ಷ ಉರಿಯಬೇಕು. ಇನ್ನೂ ದೊಡ್ಡದು ಅಭ್ಯಾಸದ ವಿಷಯ. ಮಾರ್ಮಟ್‌ಗಳ ಬಳಗದಲ್ಲಿ ಅಪಾಯ ಕಂಡದ್ದು ಶಿಳ್ಳೆ ಹೊಡೆಯುತ್ತದೆ, ಉಳಿದವು ಬಿಲಕ್ಕೆ ಓಡುತ್ತವೆ. ಮನುಷ್ಯ ಎಂದರೆ ತಿಂಡಿ ಎಂದು ಕಲಿತದ್ದು ಶಿಳ್ಳೆ ಹೊಡೆಯುವುದಿಲ್ಲ, ರಸ್ತೆ ಬದಿ ಬಿಡುವುದಿಲ್ಲ. ಲಡಾಖ್‌ನಲ್ಲಿ ಈಗ ಬೀದಿನಾಯಿಗಳೂ ಹೆಚ್ಚಿವೆ, ವಾಹನಗಳೂ ಹೆಚ್ಚಿವೆ.

ಇದನ್ನೆಲ್ಲ ಹೇಳಿದೆ. ಅವನು ಬೈಗುಳ ತಿಂದವನಂತೆ ಮುಖ ಸಣ್ಣ ಮಾಡಿಕೊಂಡ. ಕೊಟ್ಟದ್ದು ಪ್ರೀತಿಯಿಂದಲೇ ಎಂದು ನನಗೆ ಗೊತ್ತು, ಅದನ್ನೂ ಹೇಳಿದೆ. ಆಮೇಲೆ ಫೋನಿನಲ್ಲಿ ಹಿಮಾಲಯದ ಮಾರ್ಮಟ್‌ನ ಶಿಳ್ಳೆಯ ದನಿ ಹುಡುಕಿ ಇಬ್ಬರೂ ಕೇಳಿದೆವು. ದೀಪಾವಳಿಯ ಹೊತ್ತಿಗೆ ಅದರ ಮನೆಯ ಬಾಗಿಲು ಮಣ್ಣು ಮೆತ್ತಿ ಮುಚ್ಚಿರುತ್ತದೆ, ನಾವು ಇಲ್ಲಿ ಏಪ್ರಿಲ್‌ನಲ್ಲಿ ಬಿಸುಕಣಿ ಇಡುವ ಹೊತ್ತಿಗೆ ಹಿಮ ಸರಿಸಿ ಹೊರಬರುತ್ತದೆ ಎಂದೆ. ಅವನು ಬೆರಳು ಮಡಿಸಿ ತಿಂಗಳು ಎಣಿಸಿದ. ಆರಕ್ಕೆ ಬಂದಾಗ ಅಮ್ಮನ ಕಡೆ ತಿರುಗಿ, “ಆರು ತಿಂಗಳು ಊಟವೇ ಇಲ್ಲವಂತೆ,” ಎಂದ.